ಬೋರನ ತಲೆ

ಪರದೆಯ ಮೇಲೆ ಚನ್ನಕೇಶವ ಕೈ ಎತ್ತುತ್ತಿದ್ದಂತೆ ಸಭಾಂಗಣದಲ್ಲಿದ್ದವರೆಲ್ಲ ಒಂದೇ ದನಿಯಲ್ಲಿ ಕೂಗಿದರು: "ಎಲ್ಲಾ ನಿನ್ನಿಂದ್ಲೇ ಕಣೋ ಬೋರಾ." ಹಿಂದೆಯೇ ಏಟಿನ ಸದ್ದು. ಬೋರನ ತಲೆ ಮುಂದಕ್ಕೆ ಮುಗ್ಗರಿಸಿತು, ಕನ್ನಡಕ ಮೂಗಿನ ತುದಿಗೆ ಜಾರಿತು. ಮುಂದಿನ ಸಾಲಿನಲ್ಲಿ ಹೆಂಡತಿಯ ಪಕ್ಕ ಕೂತಿದ್ದ ಕೆಂಪಯ್ಯನವರ ಕತ್ತು ತಾನಾಗಿಯೇ ಹೆಗಲೊಳಗೆ ಕುಗ್ಗಿತು. ಪರದೆಯ ಮೇಲಿನ ಬೋರ ಅವರೇ.

ಮೂವತ್ತೈದು ವರ್ಷಗಳ ಹಿಂದೆ ವಾರಕ್ಕೊಮ್ಮೆ ಟೀವಿಯಲ್ಲಿ ಬರುತ್ತಿದ್ದ 'ಗುಟ್ಟುರಾಯ' ಧಾರಾವಾಹಿಯಲ್ಲಿ ಚನ್ನಕೇಶವ ಗೂಢಚಾರ. ಗೋಡೆಗೆ ಸ್ಟೀಲ್ ಲೋಟ ಆನಿಸಿ ಶತ್ರುಗಳ ಮಾತು ಕದ್ದು ಕೇಳುವುದು, ಕೇಳಿದ್ದನ್ನೆಲ್ಲ ಹೋಗಿ ಆ ಶತ್ರುಗಳ ಎದುರಿಗೇ ಬಾಯಿಬಿಡುವುದು, ಸಿಕ್ಕಿಬಿದ್ದಾಗ ಸಹಾಯಕ ಬೋರನ ತಲೆಗೆ ಬಾರಿಸುವುದು. ಅದು ಬರುವ ಹೊತ್ತಿಗೆ ಬೀದಿಗಳು ಖಾಲಿಯಾಗುತ್ತಿದ್ದವು. ಈಗ ಚನ್ನಕೇಶವ ತೀರಿಕೊಂಡು ತಿಂಗಳಾಗಿತ್ತು. ಅಭಿಮಾನಿಗಳು ಗೋವಿಂದರಾಜನಗರದ ರಾಮಮಂದಿರದ ಸಭಾಂಗಣದಲ್ಲಿ ನುಡಿನಮನ ಇಟ್ಟುಕೊಂಡಿದ್ದರು.

ಕೆಂಪಯ್ಯ ಬರುವುದಿಲ್ಲವೆಂದೇ ಹೇಳಿದ್ದರು. ಆ ಧಾರಾವಾಹಿಗೆ ಮುಂಚೆ ಅವರು ಹವ್ಯಾಸಿ ರಂಗದಲ್ಲಿ ರಾಜರ ಪಾತ್ರಗಳಿಗೆ ಹೆಸರಾದವರು. ಬೋರನಾದ ಮೇಲೆ ಒಂದು ಸಂಜೆ ಕಿರೀಟ ಇಟ್ಟುಕೊಂಡು ರಂಗಕ್ಕೆ ಬಂದರೆ ಹಿಂದಿನ ಸಾಲಿನಿಂದ ಯಾರೋ "ಬೋರಾ" ಎಂದ. ನಾಟಕ ಅಲ್ಲಿಗೇ ಮುಗಿಯಿತು. ಮತ್ತೆ ಅವರು ಬಣ್ಣ ಹಚ್ಚಲಿಲ್ಲ. ನಿವೃತ್ತಿಯವರೆಗೆ ಕೆಂಗೇರಿಯ ಅಂಚೆ ಕಚೇರಿಯಲ್ಲಿ ಕೂತರು. ಆದರೆ ಸಿಟಿ ಬಸ್ಸಿನಲ್ಲಿ, ಮದುವೆಮನೆಯ ಪಂಕ್ತಿಯಲ್ಲಿ, ಮಗಳ ಶಾಲೆಯ ಅಂಗಳದಲ್ಲಿ ಎಲ್ಲಿಂದಲೋ ಒಂದು ಕೈ ಬಂದು ತಲೆಯ ಹಿಂದೆ ಬೀಳುತ್ತಿತ್ತು. ತಿರುಗಿದರೆ ಒಂದು ನಗುಮುಖ. ಹೊಡೆದವರು ಪ್ರೀತಿಯಿಂದಲೇ ಹೊಡೆಯುತ್ತಿದ್ದುದರಿಂದ ಜಗಳ ತೆಗೆಯಲೂ ಆಗುತ್ತಿರಲಿಲ್ಲ.

ಅಭಿಮಾನಿ ಬಳಗದ ಅಧ್ಯಕ್ಷ ಗೋಪೀನಾಥ, ವಿಮಾ ಕಚೇರಿಯಿಂದ ನಿವೃತ್ತರಾದವರು, ಮೂರು ಸಲ ಮನೆಗೆ ಬಂದರು. ಸತ್ತವರ ಮೇಲೆ ಎಂಥ ಹಗೆ, ಹೋಗಿ ಬಂದುಬಿಡೋಣ ಎಂದು ಹೆಂಡತಿ ಕಲಾವತಿಯೂ ಅಂದರು. ಕೊನೆಗೆ ಕೆಂಪಯ್ಯ ಒಂದೇ ಷರತ್ತು ಹಾಕಿದರು: ಯಾರೂ ನನ್ನ ಮೇಲೆ ಕೈ ಎತ್ತಬಾರದು. ಗೋಪೀನಾಥ ನಾಲಿಗೆ ಕಚ್ಚಿಕೊಂಡು, ಎಲ್ಲಾದರೂ ಉಂಟೇ, ನಿಮಗೆ ಸನ್ಮಾನ ಎಂದಿದ್ದರು.

ಸನ್ಮಾನವೇನೋ ಆಯಿತು. ದೀಪ ಹತ್ತಿದ ಮೇಲೆ ಅವರನ್ನು ವೇದಿಕೆಗೆ ಕರೆದು ಶಾಲು ಹೊದಿಸಿ, ಹಣ್ಣಿನ ಬುಟ್ಟಿ ಕೈಗಿಟ್ಟರು. ಮೈಸೂರು ಪೇಟವೂ ಇತ್ತು, ಆದರೆ ಅದನ್ನು ತಲೆಗೆ ತೊಡಿಸಲಿಲ್ಲ, ಟೇಬಲ್ಲಿನ ಮೇಲೇ ಬಿಟ್ಟರು. ಯಾಕೆಂದು ಕೆಂಪಯ್ಯನವರಿಗೆ ತಿಳಿಯುವ ಹೊತ್ತಿಗೆ ಗೋಪೀನಾಥ ಮೈಕಿನಲ್ಲಿ, ಈಗ ನಿಮಗೊಂದು ಸರ್‌ಪ್ರೈಸ್ ಎಂದು ಸಾರಿದ್ದರು. ಪರದೆಯ ಹಿಂದಿನಿಂದ ಉದ್ದನೆಯ ಕೋಟು, ಹ್ಯಾಟು, ಅಂಟಿಸಿದ ಮೀಸೆಯಲ್ಲಿ ಚನ್ನಕೇಶವನ ಮಗ ಸಮರ್ಥ ಬಂದ. ಅದೇ ಎತ್ತರ, ಅದೇ ವಾಲುವ ನಡಿಗೆ. ಜನ ಎದ್ದು ನಿಂತು ಚಪ್ಪಾಳೆ ತಟ್ಟಿದರು. ಹಲವರ ಕಣ್ಣಲ್ಲಿ ನೀರಿತ್ತು, ಫೋನುಗಳು ಮೇಲೆದ್ದವು. ಸಮರ್ಥ ಕೈ ಎತ್ತಿದ.

ಕೆಂಪಯ್ಯ ಬುಟ್ಟಿ ಬಿಟ್ಟು ಆ ಕೈಯನ್ನು ಗಾಳಿಯಲ್ಲೇ ಹಿಡಿದರು. ಮೂಸಂಬಿಗಳು ವೇದಿಕೆಯಿಂದ ಉರುಳಿದವು. ಜನ ಹೋ ಎಂದು ನಕ್ಕರು. ಹುಡುಗನ ಮಣಿಕಟ್ಟು ಹಿಡಿದುಕೊಂಡೇ ಅವರು ಮೈಕಿನ ಹತ್ತಿರ ಬಂದರು.

"ನಮ್ಮಮ್ಮ ತೀರ್ಕೊಂಡಾಗ ನಾನು ತಲೆ ಬೋಳಿಸ್ಕೊಂಡಿದ್ದೆ," ಎಂದರು. ಅಲ್ಲಲ್ಲಿ ಕಿಸಕ್ಕೆಂದ ಸದ್ದು. "ಬೆಂಕಿ ಮಡಿಕೆ ಹಿಡ್ಕೊಂಡು ಮುಂದೆ ನಡೀತಾ ಇದ್ದೆ. ಯಾರೋ ಹಿಂದಿನಿಂದ ಬಂದು ತಲೆಗೆ ಹೊಡೆದ."

ಸಭಾಂಗಣ ಬಿರಿಯುವಂತೆ ನಗು. ಗೋಪೀನಾಥ ಕಣ್ಣೊರೆಸಿಕೊಳ್ಳುತ್ತ ಪಕ್ಕದವರಿಗೆ, ಈ ವಯಸ್ಸಿನಲ್ಲೂ ಟೈಮಿಂಗ್ ನೋಡಿ ಎನ್ನುತ್ತಿದ್ದರು.

"ಮಡಿಕೆ ಬಿದ್ದೋಯ್ತು. ಹೆಣ ಹೊತ್ತವರೂ ನಕ್ಕರು."

ನಗು ಇನ್ನೂ ಏರಿತು. ಕೆಂಪಯ್ಯ ಅದು ಇಳಿಯುವವರೆಗೆ ಕಾದರು. ನಗುವಿನ ನಡುವೆ ಕಲಾವತಿ ಒಬ್ಬರೇ ತಲೆ ತಗ್ಗಿಸಿ ಕೂತಿದ್ದರು.

"ಚನ್ನಕೇಶವ ಹೋದ ಅಂತ ಫೋನ್ ಬಂದಾಗ ನನಗೆ ದುಃಖ ಆಗ್ಲಿಲ್ಲ. ನೆಮ್ಮದಿ ಆಯ್ತು."

ಇದೂ ತಮಾಷೆಯೇ ಎಂದುಕೊಂಡ ಕೆಲವರು ನಕ್ಕು, ಅಕ್ಕಪಕ್ಕ ನೋಡಿ, ನಿಲ್ಲಿಸಿದರು. ಯಾರೋ ಹಿಂದಿನಿಂದ ಇಳೀರಿ ಕೆಳಗೆ ಎಂದರು. ಅನ್ನ ಕೊಟ್ಟವನ ಹೆಸರಿಗೆ ಮಸಿ ಬಳಿಯುವುದಕ್ಕೆ ಬಂದಿದ್ದೀರಾ, ಅವರಿಲ್ಲದಿದ್ದರೆ ನಿಮ್ಮನ್ನು ಯಾರು ಮೂಸುತ್ತಿದ್ದರು ಎಂದು ಇನ್ನೊಬ್ಬರು. ಮೂರನೇ ಸಾಲಿನಲ್ಲಿ ಬಸವರಾಜೇಶ್ವರಿ ಎದ್ದು ನಿಂತರು. ಮಾರೇನಹಳ್ಳಿಯವರು, ಹೈಸ್ಕೂಲಿನಲ್ಲಿ ಹೆಡ್‌ಮಿಸ್ ಆಗಿದ್ದವರು. ಅವರು ಎದ್ದದ್ದಕ್ಕೆ ಉಳಿದವರು ಸುಮ್ಮನಾದರು.

"ನಮ್ಮ ಯಜಮಾನ್ರು ಆಸ್ಪತ್ರೇಲಿ ಕೊನೇ ಸಲ ನಕ್ಕಿದ್ದು ಇದನ್ನ ನೋಡಿ. ನೀವು ಏಟು ತಿನ್ನೋದನ್ನ ನೋಡಿ," ಎಂದರು. "ಅದೊಂದು ನಗುನ ನಾನು ಇಟ್ಕೊಂಡಿದೀನಿ. ಇವತ್ತು ಬಂದು ಅದನ್ನೂ ಕಿತ್ಕೊಳ್ತೀರಲ್ಲ, ನಿಮಗೇನು ಅನ್ನಿಸಲ್ವ?"

ಕೆಂಪಯ್ಯ ಅವರನ್ನೇ ನೋಡಿದರು. ಆ ಹೆಂಗಸಿನ ಮೇಲೆ ಸಿಟ್ಟು ಬರಲೆಂದು ಕಾದರು, ಬರಲಿಲ್ಲ. ಹಿಡಿದಿದ್ದ ಮಣಿಕಟ್ಟನ್ನು ಬಿಟ್ಟರು.

"ನಗ್ಬೇಡಿ ಅಂತ ನಾನು ಅನ್ಲಿಲ್ಲಮ್ಮ. ಕೈ ಎತ್ಬೇಡಿ ಅಂದೆ."

ಅಷ್ಟರಲ್ಲಿ ಗೋಪೀನಾಥ ಮೈಕು ಆರಿಸಿದ್ದರು. ಕೊನೆಯ ಮಾತು ಎರಡನೇ ಸಾಲನ್ನೂ ಮುಟ್ಟಲಿಲ್ಲ. ಹತ್ತಿರ ಬಂದು ಹಲ್ಲು ಕಚ್ಚಿ, "ನಿಮ್ಮನ್ನ ಕರೆದಿದ್ದೇ ನನ್ನ ತಪ್ಪು. ಹೊರಡಿ," ಎಂದರು. ಹೆಗಲ ಮೇಲಿನ ಶಾಲನ್ನು ಕೆಂಪಯ್ಯ ತಾವೇ ಮಡಿಸಿ ಟೇಬಲ್ಲಿನ ಮೇಲಿಟ್ಟರು. ಸಾಲುಗಳ ನಡುವೆ ಹಾದು ಹೋಗುವಾಗ ಒಬ್ಬ ಮುದುಕರು ಕಾಲು ಚಾಚಿಕೊಂಡೇ ಕೂತಿದ್ದರು, ಬಳಸಿಕೊಂಡು ಹೋಗಬೇಕಾಯಿತು. ಕಲಾವತಿ ಗಂಡನ ಮುಂದೆ ನಡೆದು, ಬಾಗಿಲು ದಾಟಿ, ಆಟೋ ನೋಡುತ್ತೇನೆಂದು ರಸ್ತೆಗಿಳಿದರು.

ಮೆಟ್ಟಿಲ ಮೇಲೆ ಚಪ್ಪಲಿಗಳ ರಾಶಿ. ಕೆಂಪಯ್ಯ ತಮ್ಮದೊಂದನ್ನು ಮೆಟ್ಟಿ, ಬಗ್ಗಿ ಅದರ ಜೊತೆಯದನ್ನು ಹುಡುಕುತ್ತಿದ್ದಾಗ ಹಿಂದೆ ಹೆಜ್ಜೆ ಸದ್ದಾಯಿತು. ಸಮರ್ಥ. ಒಂದು ಕಡೆ ಮೀಸೆ ಕಿತ್ತು ಜೋತಾಡುತ್ತಿತ್ತು.

"ಸಿಟ್ಟಿದ್ರೆ ಅಪ್ಪ ಬದುಕಿದ್ದಾಗಲೇ ಹೇಳ್ಬೇಕಿತ್ತು ನೀವು," ಎಂದ. "ಸತ್ತ ಮೇಲೆ, ಅಷ್ಟು ಜನರ ಮುಂದೆ, ನನ್ನ ಕೈ ಹಿಡ್ಕೊಂಡು."

"ಹೇಳಿದ್ದೆ. ಮೆತ್ತಗೆ ಹೊಡೀರಿ ಅಂತ ಶುರುವಿನಲ್ಲೇ ಹೇಳಿದ್ದೆ. ಅಮ್ಮ ಹೋದ ಮೇಲೆ ನಿಮ್ಮನೆಗೇ ಬಂದು, ಪೇಪರಿನವರಿಗೆ ಒಂದು ಮಾತು ಹೇಳಿ ಸಾರ್, ಜನ ಹೊಡೆಯೋದು ಬಿಡ್ತಾರೆ ಅಂದೆ. ನೀನಾಗ ಚಿಕ್ಕೋನು."

"ಅಪ್ಪ ಏನಂದ್ರು?"

ಕೆಂಪಯ್ಯ ನೆಟ್ಟಗೆ ನಿಂತರು.

"ಎಲ್ಲಾ ನಿನ್ನಿಂದ್ಲೇ ಕಣೋ ಬೋರಾ ಅಂದ್ರು. ನಿಮ್ಮಮ್ಮ ಕಾಫಿ ತಂದಿದ್ರು. ಅವರೂ ನಕ್ಕರು."

ಒಳಗೆ ದೀಪ ಆರಿತು. ಇನ್ನೊಂದು ಕಂತು ಶುರುವಾದ ಸಂಗೀತ ಕೇಳಿಸಿತು. ಗೋಪೀನಾಥ ಮೈಕಿನಲ್ಲಿ ಸಮರ್ಥನನ್ನು ಕರೆಯುತ್ತಿದ್ದರು. ಅವನು ಒಳಗೆ ಹೋಗಲಿಲ್ಲ, ಕ್ಷಮಿಸಿ ಎನ್ನಲೂ ಇಲ್ಲ. ತನ್ನ ಕಾಲ ಬಳಿಯಿದ್ದ ಒಂಟಿ ಚಪ್ಪಲಿಯನ್ನು ನೋಡಿ, ಅದು ಇವರದೇ ಇರಬೇಕೆಂದುಕೊಂಡು, ಬಗ್ಗದೆ, ಕಾಲಿನಿಂದಲೇ ಅವರ ಕಡೆಗೆ ಸರಿಸಿದ.

ಕೆಂಪಯ್ಯ ಅದನ್ನು ಮೆಟ್ಟಿ ರಸ್ತೆಯ ಕಡೆ ನಡೆದರು. ಗೇಟಿನ ಹತ್ತಿರ ಒಮ್ಮೆ ತಿರುಗಿ ನೋಡಿದಾಗ ಸಮರ್ಥ ಮೆಟ್ಟಿಲ ಮೇಲೆ ಚಪ್ಪಲಿಗಳ ನಡುವೆ ಕೂತಿದ್ದ. ಏಪ್ರಿಲ್ ಸೆಕೆಗೆ ಬೆವರುತ್ತ, ಆ ದಪ್ಪ ಕೋಟಿನ ಗುಂಡಿಗಳನ್ನು ಒಂದೊಂದಾಗಿ ಬಿಚ್ಚುತ್ತಿದ್ದ.