ವಾಡಿಯ ಹವಾಯಿ ಉಸ್ತಾದ

ಸಂಗೀತದ ವಿಷಯದಲ್ಲಿ ನನ್ನ ಕಿವಿಯ ಮೇಲೆ ನನಗೆ ಭಾರಿ ಅಭಿಮಾನವಿತ್ತು. ವಾಡಿ ಜಂಕ್ಷನ್ನಿನ ಪಾರ್ಸೆಲ್ ಗುಮಾಸ್ತ ಮಡಿವಾಳಯ್ಯ, ಅಂದರೆ ನಾನು, ತಲೆದೂಗಿದರೆ ಮಾತ್ರ ಹಾಡು ಹಾಡೆನಿಸಿಕೊಳ್ಳುತ್ತದೆ ಎಂದು ಸ್ಟೇಷನ್ ಎದುರಿನ ಶೌಕತ ಅಲಿಯ ಚಹಾದಂಗಡಿಯಲ್ಲಿ ಎಲ್ಲರೂ ಒಪ್ಪಿದ್ದರು. ಒಪ್ಪದವರನ್ನು ನಾನು ಮಾತಾಡಿಸುತ್ತಿರಲಿಲ್ಲ.

ನಾವು ಕಂಡಿದ್ದ ಗ್ರಾಮೊಫೋನು ಆ ಅಂಗಡಿಯದು ಒಂದೇ. ಅದಕ್ಕೆ ಹವಾಯಿ ಗಿಟಾರಿನ ಹಳೆಯದೊಂದು ಪ್ಲೇಟು. ಬಾರಿಸಿದವನ ಹೆಸರು ಚಹಾ ಚೆಲ್ಲಿ ಅಳಿಸಿಹೋಗಿತ್ತು. ನಾವು ಉಸ್ತಾದ ಎನ್ನುತ್ತಿದ್ದೆವು. ಹಿಂದೆ ಇನ್ನೊಂದು ಗಿಟಾರು ಖಾಲಿ ಗೂಡ್ಸ್ ಗಾಡಿಯಂತೆ ಕುಣಿಯುತ್ತಿದ್ದರೆ, ಉಸ್ತಾದನ ಉಕ್ಕಿನ ತುಂಡು ತಂತಿಯ ಮೇಲೆ ಜಾರುತ್ತಿತ್ತು. ಸ್ವರದಿಂದ ಸ್ವರಕ್ಕೆ ಹಾರುವ ಮಾತೇ ಇಲ್ಲ. ನಡುವೆ ಒಂದು ಕಡೆಯಂತೂ ರಾಗ ತಾಳ ಎರಡೂ ಮೆಲ್ಲಗೆ ಪಾತಾಳಕ್ಕಿಳಿದು, ಇನ್ನೇನು ಪ್ರಾಣ ಹೋಯಿತು ಎನ್ನುವಾಗ ಸರ್ರನೆ ಮೇಲೇರುತ್ತಿದ್ದವು. ಆ ಜಾಗ ಬಂದಾಗ ನಾನು ಕಣ್ಣು ಮುಚ್ಚುತ್ತಿದ್ದೆ. ಶೌಕತ ಅಲಿ ಆಗ ಗ್ರಾಮೊಫೋನು ಪೆಟ್ಟಿಗೆಯ ಚಾವಿ ತಿರುಗಿಸುತ್ತಿರುತ್ತಿದ್ದ. ಪಾಪ, ಅವನಿಗೆ ಕೇಳಲು ಪುರುಸೊತ್ತಿಲ್ಲ.

ಲೋಕೋ ಶೆಡ್ಡಿನ ಫಿಟ್ಟರ್ ಖಾಜಾನಿಗೆ ಈ ಹುಚ್ಚು ತಲೆಗೇರಿತು. ಹಳೆಯ ಗಿಟಾರೊಂದನ್ನು ತಂದು, ಪ್ಲೇಟಿನ ಚೀಲದ ಮೇಲಿನ ಚಿತ್ರ ನೋಡಿ ತೊಡೆಯ ಮೇಲೆ ಮಲಗಿಸಿಕೊಂಡ. ಶೆಡ್ಡಿನ ಉಕ್ಕಿನ ತುಂಡೊಂದನ್ನು ಕನ್ನಡಿಯಂತೆ ಉಜ್ಜಿ ತಂತಿಯ ಮೇಲೆ ಜಾರಿಸತೊಡಗಿದ. ಎರಡು ವರ್ಷ ಅದೊಂದೇ ಹಾಡು. ಆ ಜಾಗ ಕೈಗೆ ಹತ್ತುವವರೆಗೆ ನಾನೂ ಬಿಡಲಿಲ್ಲ.

"ಇನ್ನಾ ಇಳಿಬೇಕು ಖಾಜಾ. ತಾಳಾ ಸತ್ತಂಗ ಆಗಬೇಕು."

ಅವನ ಅಪ್ಪ ಮಜೀದಸಾಬ ಫರಸಿಕಲ್ಲಿನ ಗಣಿಯಲ್ಲಿ ಬಂಡೆ ಒಡೆಯುವವನು. ಮನೆಯಲ್ಲಿ ದಿನಾ ಈ ಜಾರಾಟ ಕೇಳಿ ಒಂದು ದಿನ ಕಡ್ಡಿ ಮುರಿದಂತೆ ಹೇಳಿದ: "ಬಲ್ಲವರು ಯಾರಾರ ಒಬ್ಬರು ಛಲೋ ಅದ ಅಂದ್ರ ಇಟ್ಕೋ. ಇಲ್ಲಂದ್ರ ಈ ಕಟಗಿ ಒಲಿಗಿ ಹಾಕ್ತೀನಿ."

"ಬಲ್ಲವ ನಾ ಇಲ್ಲೇನು?" ಎಂದೆ.

"ಅಯ್ಯಾವ್ರ, ನೀವು ಪಾರ್ಸೆಲ್ ಬಲ್ಲಿರಿ."

ಖಾಜಾ ಗಿಟಾರನ್ನು ಎದೆಗೊತ್ತಿಕೊಂಡ. ಆ ಗಿಟಾರು ಬಿಟ್ಟರೆ ಅವನಿಗೆ ಬೇರೆ ಸುಖವೇ ಇರಲಿಲ್ಲ.

ನಿಜಾಮರ ರೈಲು ಸರ್ಕಾರದ ರೈಲಾದ ಮರುವರ್ಷ ಬಲ್ಲವರು ಬಂದೇಬಿಟ್ಟರು. ಶಹಾಬಾದದವರೇ ಆದ ಗಾರ್ಡ್ ಬಸವಂತರಾಯರು ಸಿಕಂದರಾಬಾದಿನಿಂದ ವರ್ಗವಾಗಿ ಬಂದಿದ್ದರು. ಅವರ ಬಳಿ ಹವಾಯಿ ಗಿಟಾರಿನ ಪ್ಲೇಟುಗಳೇ ಒಂದು ಟ್ರಂಕು ತುಂಬ ಇದ್ದವು. ಒಂದು ರವಿವಾರ ಮಧ್ಯಾಹ್ನ ಅಂಗಡಿಯಲ್ಲಿ ಅವರ ಮುಂದೆ ಖಾಜಾ ಬಾರಿಸಿದ. ಮಜೀದಸಾಬ ಬಾಗಿಲಲ್ಲಿ ನಿಂತಿದ್ದ.

ರಾಯರು ಕಾಲು ಕುಣಿಸುತ್ತ ಕೇಳಿದರು. ಆ ಜಾಗ ಬಂತು. ಕಾಲು ನಿಂತಿತು.

"ಕೈ ಛಲೋ ಅದ. ಆದ್ರ ನಡುವ ಇದೇನು ಮಾಡಿದಿ?"

"ಉಸ್ತಾದ ಹಂಗೇ ಬಾರಿಸ್ಯಾನ್ರೀ," ಎಂದೆ ನಾನು, ಎದೆಯುಬ್ಬಿಸಿ.

ಪ್ಲೇಟು ಹಾಕಿಸಿದರು. ಆ ಜಾಗದಲ್ಲಿ ರಾಯರು ಪೆಟ್ಟಿಗೆ ಬಿಟ್ಟು ಶೌಕತ ಅಲಿಯ ಕೈ ನೋಡಿದರು.

"ಮೊದಲೇ ಯಾಕ ಪೂರಾ ಚಾವಿ ಕೊಡಂಗಿಲ್ಲ?"

"ಪೂರಾ ಕೊಟ್ರ ಸ್ಪ್ರಿಂಗ್ ಮುರಿತದ್ರಿ. ಅದಕ್ಕ ಅರ್ಧಾ ಮೊದಲ, ಅರ್ಧಾ ನಡುವ."

ರಾಯರು ನಗಲಿಕ್ಕೆ ಹತ್ತಿದರು. "ಅಲ್ರೋ, ಇಳಿದದ್ದು ಉಸ್ತಾದ ಅಲ್ಲ. ಸ್ಪ್ರಿಂಗ್!"

ಮತ್ತೊಮ್ಮೆ, ಮೊದಲಿನಿಂದಲೂ ಚಾವಿ ತಿರುಗಿಸುತ್ತಲೇ ಹಾಡಿಸಿದರು. ಉಸ್ತಾದ ಎಲ್ಲೂ ಪಾತಾಳಕ್ಕಿಳಿಯದೆ ನಗುನಗುತ್ತ ಹಾಡು ಮುಗಿಸಿಬಿಟ್ಟ. ನೆಲ ಬಾಯಿಬಿಟ್ಟರೆ ಒಳಗೆ ಹೋಗುತ್ತಿದ್ದೆ. ವಾಡಿಯ ನೆಲ ಬರೀ ಫರಸಿ, ಅದೆಲ್ಲಿ ಬಾಯಿಬಿಟ್ಟೀತು? ಎರಡು ವರ್ಷ ಆ ತಪ್ಪನ್ನು ತಿದ್ದಿ ತೀಡಿ ಕಲಿಸಿದವನು ನಾನೇ.

"ಆ ಜಾಗಾ ತೆಗೆದುಬಿಡು ತಮ್ಮಾ, ತಪ್ಪದ," ಎಂದರು ರಾಯರು.

ಮಜೀದಸಾಬ ಒಳಗೆ ಬಂದ. ಮಗನ ತೊಡೆಯ ಮೇಲಿನ ಗಿಟಾರನ್ನು ಎತ್ತಿಕೊಂಡ. ಖಾಜಾ ತಡೆಯಲಿಲ್ಲ. ನನಗೆ ಅಳು ಬಂತು.

"ಸಾಹೇಬ್ರ," ಎಂದ ಮಜೀದಸಾಬ, "ಮೂವತ್ತು ವರ್ಷ ಕಲ್ಲು ಬಡದು ಸಪ್ಪಳಾ ಕೇಳೀನಿ. ಯಾವುದು ಗಟ್ಟಿ, ಯಾವುದು ಸೀಳ್ಯಾದ, ನಂಗ ಗೊತ್ತಾಗ್ತದ. ಬೇಕಾದ್ರ ಉಳಿದದ್ದು ತೆಗೀರಿ. ಆ ಜಾಗಾ ತೆಗೀಬ್ಯಾಡ್ರಿ. ದಿನಾ ಅದು ಬರೋತನಾ ನಾ ಗ್ವಾಡಿ ಆಚಿ ತುತ್ತು ಕೈಯಾಗ ಹಿಡ್ಕೊಂಡು ಕುಂದರ್ತೀನಿ."

ಖಾಜಾ ತಲೆಯೆತ್ತಿ ಅಪ್ಪನನ್ನು ನೋಡಿದ. ಗಿಟಾರು ಮತ್ತೆ ಅವನ ತೊಡೆಗೆ ಬಂತು.

"ನನ್ನ ಮಾರಿ ಏನು ನೋಡ್ತಿ? ಬಾರ್ಸು."

ಖಾಜಾ ಬಾರಿಸಿದ. ಆ ಜಾಗದಲ್ಲಿ ನಾನು ಕಲಿಸಿದ್ದಕ್ಕಿಂತಲೂ ಕೆಳಕ್ಕಿಳಿದ. ನಾನು ಬಾಯಿ ತೆರೆಯುವ ಮೊದಲೇ ಮಜೀದಸಾಬ "ವಾಹ್ ಬೇಟಾ" ಎಂದ.