ಅಂದಪ್ಪನ ನಾಲ್ಕೂ ನಲವತ್ತು

ಬಸಲಿಂಗವ್ವ ಕಾಶಪ್ಪನ ಕೈಯಿಂದ ಹಾರ ಕಸಿದುಕೊಂಡು ಗೂಟಕ್ಕೆ ತೂಗುಹಾಕಿದಳು.

"ನಾಕೂ ನಲವತ್ತಕ್ಕ ಎತ್ತೂದು. ಅಲ್ಲೀತನಾ ಯಾರೂ ಅವರನ್ನ ಮುಟ್ಟಬ್ಯಾಡ್ರಿ."

"ವೈನಿ, ಎರಡ ಹೊಡದೈತಿ. ಬಿಸಲರ ನೋಡ್ರಿ" ಎಂದ ಕಾಶಪ್ಪ, ತೀರಿಕೊಂಡ ಅಂದಪ್ಪನ ತಮ್ಮ. "ಮಗಳು ಇಂದ್ರಾ ಇರೂದು ಮುಂಬೈದಾಗ. ನಿನ್ನೆ ರಾತ್ರಿ ಫೋನ್ ಹತ್ತಿದ್ರ ಇವತ್ತ ಹೆಂಗ ಬಂದಾಳು?"

"ಇಮಾನದಾಗ ಬರ್ತಾಳ."

"ಇಮಾನ ಇಳಕಲ್ಲಾಗ ಇಳಿತೈತೇನಬೇ?" ನೆರೆಮನೆಯ ಹುಲ್ಲಪ್ಪ ಕೇಳಿದ. ಒಂದಿಬ್ಬರು ನಗು ನುಂಗಿಕೊಂಡರು.

ಅಂದಪ್ಪ ಮಾತ್ರ ಹಣೆತುಂಬ ವಿಭೂತಿ ಧರಿಸಿ, ಗೋಡೆಗೊರಗಿ ನೆಟ್ಟಗೆ ಕೂತಿದ್ದ. ಇಳಕಲ್ ಬಸ್‌ಸ್ಟ್ಯಾಂಡಿನ ಕಂಟ್ರೋಲರ್ ಆಗಿ ಇಪ್ಪತ್ತಾರು ವರ್ಷ ಕೂತದ್ದೂ ಹೀಗೆಯೇ.

ಬಸಲಿಂಗವ್ವ ಗೋಡೆಯ ಮಾಡದಿಂದ, ಗಂಡ ಬರೆದು ಮಡಚಿಟ್ಟಿದ್ದ ಕಾಗದ ತೆಗೆದು ಡ್ರೈವರ್ ಜಲಾಲುದ್ದೀನನ ಕೈಗಿಟ್ಟಳು. "ಓದ್ರಿ ಅಣ್ಣಾರ. ಎಲ್ಲಾರಿಗೂ ಕೇಳಲಿ."

"ಮುಂಬೈ-ಬೆಳಗಾವಿ, ಹಕ್ಕಿ ಹಾದಿ, ಸುಮಾರು ಮುನ್ನೂರ ತೊಂಬತ್ತು ಕಿಲೋಮೀಟರ್. ಹಾರುವುದು ಒಂದು ತಾಸು ಇಪ್ಪತ್ತು ನಿಮಿಷ. ಇಳಿಯುವುದು ಹತ್ತೂ ಇಪ್ಪತ್ತು. ಹನ್ನೊಂದರ ಬಸ್ಸು. ಇಳಕಲ್ ನಾಲ್ಕೂವರೆ. ಸ್ಟ್ಯಾಂಡಿನಿಂದ ಮನೆ ಎಂಟು ನಿಮಿಷ. ಎರಡು ನಿಮಿಷ ಹೆಚ್ಚಿಗೆ."

ಇಂದ್ರಾಳಿಗೆ ಮುಂಬೈಯಲ್ಲಿ ನರ್ಸ್ ಕೆಲಸ ಸಿಕ್ಕ ವರ್ಷ ಅಂದಪ್ಪ ಸಾಲೆಯಿಂದ ನಕಾಶೆ ತಂದು, ಹೆಂಡತಿಯ ಮಗ್ಗದಿಂದ ಕೆಂಪು ಎಳೆಯೊಂದನ್ನು ಹರಿದು, ಅದರ ಮೇಲೆ ಹಿಡಿದು ಅಳೆದಿದ್ದ. ವಿಮಾನವನ್ನು ಅವನು ಹತ್ತಿರದಿಂದ ಕಂಡವನೇ ಅಲ್ಲ.

"ಶಾಣ್ಯಾ ಇದ್ದ" ಎಂದ ಜಲಾಲುದ್ದೀನ, "ಆದ್ರ ಭಾಳ ಗಟ್ಟಿ ಎದಿ."

* * *

ಎಪ್ಪತ್ತಮೂರರ ಜೂನ್. ಬಾಗಲಕೋಟೆಯಲ್ಲಿ ಇಂದ್ರಾಳ ಪರೀಕ್ಷೆ. ಏಳರ ಬಸ್ಸಿನ ಸ್ಟೇರಿಂಗ್ ಹಿಡಿದಿದ್ದವನು ಇದೇ ಜಲಾಲುದ್ದೀನ.

"ಅಂದಪ್ಪಣ್ಣಾ, ನಿನ್ನ ಮಗಳು ಓಡಿ ಬರಾಕತ್ತಾಳ. ಎರಡ ನಿಮಿಷ ತಡಿಯೋ."

"ಟೈಮ್ ಆತು. ಬಿಡು."

ಅಂದಪ್ಪ ಸೀಟಿ ಊದಿದ. ಮಗಳು ಧೂಳಿನಲ್ಲಿ ನಿಂತಳು. ಮುಂದಿನ ಬಸ್ಸು ಹಿಡಿದು, ಪರೀಕ್ಷೆಗೆ ತಡವಾಗಿ ಕೂತು, ಆದರೂ ಪಾಸಾದಳು. ಬಸಲಿಂಗವ್ವ ಎರಡು ದಿನ ಗಂಡನಿಗೆ ರೊಟ್ಟಿ ಬಡಿಯಲಿಲ್ಲ. ಅವನು ಕೇಳಲೂ ಇಲ್ಲ.

* * *

ನಾಲ್ಕೂವರೆ ದಾಟಿತು. ಬಸಲಿಂಗವ್ವ ಓಣಿಯ ತಿರುವಿನಿಂದ ಕಣ್ಣು ಕೀಳಲಿಲ್ಲ. ಮಗಳು ಬಾರದಿದ್ದರೆ ಅವಳಿಗೆ ಅಪ್ಪನ ಮುಖವೂ ಸಿಗುವುದಿಲ್ಲ, ಆ ಕಾಗದವೂ ಸುಳ್ಳಾಗುತ್ತದೆ. ಕಾಶಪ್ಪ ಗೂಟದ ಹಾರ ನೋಡಿದ, ಅತ್ತಿಗೆಯ ಮುಖ ನೋಡಿದ.

"ಬಂದ್ಲು!" ಹುಲ್ಲಪ್ಪನೇ ಮೊದಲು ಕೂಗಿದ್ದು.

ಹೆಗಲಿಗೆ ಚೀಲ, ತಲೆತುಂಬ ಧೂಳು. ಇಂದ್ರಾ ಹೊಸ್ತಿಲು ದಾಟಿದಾಗ ಜಲಾಲುದ್ದೀನ ಗಡಿಯಾರ ನೋಡಿ, "ನಾಕೂ ಮೂವತ್ತೆಂಟ" ಎಂದ. ಯಾರೂ ನಗಲಿಲ್ಲ. ಬಸಲಿಂಗವ್ವ ನೆರೆದವರನ್ನೆಲ್ಲ ಒಮ್ಮೆ ಕಣ್ಣಲ್ಲಿ ಕಣ್ಣಿಟ್ಟು ನೋಡಿದಳು.

ಇಂದ್ರಾ ಅಪ್ಪನ ಕೈ ಹಿಡಿದು ಕೂತಳು. ಎರಡು ನಿಮಿಷ.

ಕಾಶಪ್ಪ ನೀರಿನ ಚರಿಗೆ ಮುಂದೆ ಹಿಡಿದ. "ತಂಗೀ, ನೀರ ಕುಡಿ. ಅಪ್ಪನ ಹಂತ್ಯಾಕ ಒಂದ ತಾಸ ಕೂಡವ್ವಾ. ಹೊತ್ತ ಮುಳಗಾಕ ಇನ್ನೂ ಟೈಮ್ ಐತಿ, ನಾವೆಲ್ಲಾ ಕಾಯ್ತೇವಿ."

ಅವಳು ಎದ್ದು, ಗೂಟದ ಹಾರ ತೆಗೆದು ಅಪ್ಪನ ಕೊರಳಿಗೆ ಹಾಕಿದಳು.

"ಬ್ಯಾಡ ಕಾಕಾ. ಟೈಮ್ ಆತು. ಎತ್ರಿ."