ಬೇಲಿ ಸಡಿಲಾದ ಮೂರು ದಿನ

ವಿಭೂತಿ ಅದ್ದಿದ ಮೂರು ಬೆರಳು ಅತ್ತೆಯ ಹಣೆ ಮುಟ್ಟುವ ಮೊದಲೇ ಯಾರೋ ಸುಮಲತಾಳ ಮಣಿಕಟ್ಟು ಹಿಡಿದರು.

“ನೀ ಮುಟ್ಟಬ್ಯಾಡ.”

ಅನ್ನದಾನಮ್ಮ. ತೀರಿಕೊಂಡ ಕಲ್ಯಾಣಮ್ಮನ ಅಕ್ಕ. ಬೆಳಗಿನ ಮೊದಲ ಬಸ್ಸಿಗೆ ಕೊಟ್ಟೂರಿನಿಂದ ತಂಬ್ರಹಳ್ಳಿಗೆ ಬಂದಿಳಿದವಳು. ಪಡಸಾಲೆಯ ಗೋಡೆಗೆ ಆನಿಸಿ ಕೂರಿಸಿದ್ದ ಕಲ್ಯಾಣಮ್ಮನ ಮುಂದೆ ಭಜನೆಯವರು ತಾಳ ನಿಲ್ಲಿಸಿದರು.

“ದೊಡ್ಡತ್ತಿ, ಒಂದ್ಸಲ ಹಚ್ಚಿಬಿಡ್ತೀನ್ರಿ...”

“ಗಂಜ್ಯಾಗ ಇಕಿ ವಿಷ ಹಾಕ್ಯಾಳ ಅಂತ ನನ್ನ ತಂಗಿ ಅಂದಿದ್ದನ್ನ ಈ ಕಿವೀಲೆ ಕೇಳೀನಿ. ಸಾಯೋರ ಬಾಯಾಗ ಸುಳ್ಳು ಬರಂಗಿಲ್ಲ.”

ಹೆಂಗಸರ ನಡುವೆ ಪಿಸುಮಾತು ಹರಿದಾಡಿತು. ಸುಮಲತಾ ಗಂಡನ ಕಡೆ ನೋಡಿದಳು. ಹೊಸ್ತಿಲ ಬಳಿ ನಿಂತಿದ್ದ ಗುರುಬಸವರಾಜ ತಲೆ ಎತ್ತಲಿಲ್ಲ.

“ಹೆಣದ ಮುಂದ ಜಗಳ ಬ್ಯಾಡ, ಬಾರವ್ವ,” ಎಂದು ನೆರೆಮನೆಯ ಮೈಲಮ್ಮ ಅವಳನ್ನು ಹಿತ್ತಲಿಗೆ ಕರೆದೊಯ್ದಳು. ಬೆರಳಿಗೆ ಹತ್ತಿದ್ದ ವಿಭೂತಿ ಅಲ್ಲಿಯೇ ಒಣಗಿತು.

*

ಹತ್ತನೇ ತರಗತಿಯ ಗಣಿತದಲ್ಲಿ ನಪಾಸಾಗಿ ಈ ಮನೆಗೆ ಸೊಸೆಯಾಗಿ ಬಂದವಳು ಸುಮಲತಾ. ಹೆತ್ತ ತಾಯಿಯ ಮುಖ ಅವಳಿಗೆ ನೆನಪಿರಲಿಲ್ಲ. ಊರ ಶಾಲೆಯಲ್ಲಿ ಬಿಸಿಯೂಟ ಬೇಯಿಸುತ್ತಿದ್ದ ಕಲ್ಯಾಣಮ್ಮನಿಗೆ ಅಕ್ಷರ ಬರುತ್ತಿರಲಿಲ್ಲ. ಆದರೆ ಎಷ್ಟು ಮಕ್ಕಳಿಗೆ ಎಷ್ಟು ಅಕ್ಕಿ, ಎಷ್ಟು ಬೇಳೆ ಎಂಬುದು ಬಾಯಿಪಾಠ.

“ನಾನೇ ಇಷ್ಟು ಲೆಕ್ಕ ಹಿಡಿತೀನಿ, ನೀ ಹೆಂಗ ನಪಾಸಾದಿಬೇ?” ಎಂದು ನಕ್ಕವಳು ಮರುವರ್ಷ ಪರೀಕ್ಷೆ ಕಟ್ಟಿಸಿದಳು. ಹಗರಿಬೊಮ್ಮನಹಳ್ಳಿಗೆ ತಾನೇ ಜೊತೆಗೆ ಹೋಗಿ, ಶಾಲೆಯ ಗೇಟಿನ ಹೊರಗೆ ಬಿಸಿಲಿನಲ್ಲಿ ಮೂರು ತಾಸು ಕೂತಳು. ಸುಮಲತಾ ಹೊರಗೆ ಬಂದಾಗ ಪ್ರಶ್ನೆಪತ್ರಿಕೆಯನ್ನು ಅಂಗೈಯಿಂದ ಸವರಿ, “ಇದ್ರಾಗ ನಿನಗ ಬಂದಿದ್ದು ಯಾವ್ಯಾವು, ತೋರ್ಸು,” ಎಂದಳು. ಸುಮಲತಾ ಒಂದೊಂದಾಗಿ ತೋರಿಸಿದಳು. ಇವತ್ತು ಸುಮಲತಾ ಅಂಗನವಾಡಿ ಟೀಚರು.

ಹೋದ ವಾರ ಸಾಂಬಾರಿನ ಪಾತ್ರೆ ಇಳಿಸುವಾಗ ಕಲ್ಯಾಣಮ್ಮನ ಪಾದದ ಮೇಲೆ ಕುದಿಯುವ ಸಾಂಬಾರು ಚೆಲ್ಲಿತು. ಮೊದಲೇ ಸಕ್ಕರೆ ಕಾಯಿಲೆಯ ಮೈ. ಯಾರಿಗೂ ಹೇಳದೆ ಅರಿಶಿನ ಮೆತ್ತಿ, ಬಟ್ಟೆ ಸುತ್ತಿ, ಐದು ದಿನ ಒಲೆಯ ಮುಂದೆ ನಿಂತಳು. ಆರನೆಯ ದಿನ ಚಳಿಜ್ವರಕ್ಕೆ ಕುಸಿದಾಗ ಸುಮಲತಾ ಆ ಬಟ್ಟೆ ಬಿಚ್ಚಿದಳು. ಪಾದ ಕಪ್ಪಿಟ್ಟಿತ್ತು.

*

ಹೊಸಪೇಟೆಯ ಆಸ್ಪತ್ರೆಯಲ್ಲಿ ಎರಡನೆಯ ದಿನ ಕಲ್ಯಾಣಮ್ಮನ ನೋಟವೇ ಬೇರೆಯಾಯಿತು. ಗೋಡೆಯ ಮೇಲೆ ಇರುವೆ ಹರಿಯುತ್ತಿವೆ ಎಂದಳು. ಸುಮಲತಾ ಗಂಜಿಯ ಚಮಚ ಬಾಯಿಗಿಡಲು ಹೋದಾಗ ಅದನ್ನು ತಳ್ಳಿ ಚೀರಿದಳು: “ಯಾರಕಿ? ವಿಷ ಹಾಕ್ಯಾಳ! ಅಕ್ಕಾ, ಇಕೀನ ಹೊರಗ ಹಾಕು!”

ನೋಡಲು ಬಂದಿದ್ದ ಅನ್ನದಾನಮ್ಮ ಅಲ್ಲೇ ನಿಂತಿದ್ದಳು. ಸಂಜೆಯ ಬಸ್ಸಿಗೆ ಹೊರಟುಹೋದಳು. ಅದಕ್ಕಿಂತ ಹೆಚ್ಚು ಸುಮಲತಾಳನ್ನು ಸುಟ್ಟದ್ದು ಇನ್ನೊಂದು. ಗುರುಬಸವರಾಜ ಗಂಜಿಯ ಬಟ್ಟಲನ್ನು ಕಿಟಕಿಯ ಬೆಳಕಿಗೆ ಒಯ್ದು, ಅವಳಿಗೆ ಬೆನ್ನು ಮಾಡಿ, ಮೂಸಿ ನೋಡಿದ.

ಆ ರಾತ್ರಿ ವೈದ್ಯೆ ಇಬ್ಬರನ್ನೂ ಕೂರಿಸಿಕೊಂಡು ಹೇಳಿದಳು.

“ಮಿದುಳಿನ ರಕ್ತನಾಳಗಳ ಗೋಡೆ ಒಂದು ಬೇಲಿ ಇದ್ದಂಗೆ. ಬೇಕಾದ್ದನ್ನ ಒಳಗೆ ಬಿಡುತ್ತೆ, ಬೇಡದ್ದನ್ನ ತಡೆಯುತ್ತೆ. ಕಾಲಿನ ಸೋಂಕಿಗೆ ಇವರ ಮೈತುಂಬಾ ಉರಿಯೂತ ಎದ್ದಿದೆ. ಅದಕ್ಕೆ ಆ ಬೇಲಿ ಸಡಿಲ ಆಗಿದೆ. ತಡೀಬೇಕಾದ್ದು ಒಳಗೆ ಸೋರಿ ಮಿದುಳು ಗಲಿಬಿಲಿ ಆಗಿದೆ.”

“ಅಂದ್ರ, ಅವರು ಅಂದಿದ್ದು?” ಸುಮಲತಾ ಕೇಳಿದಳು.

“ಅದು ಕಾಯಿಲೆ ಆಡಿಸಿದ ಮಾತಮ್ಮ. ಮನಸಿನದಲ್ಲ.”

ಮೂರನೆಯ ದಿನ ಬೆಳಗಾಗುವಾಗ, ಗುರುಬಸವರಾಜ ಔಷಧಿ ತರಲು ಹೋಗಿದ್ದ. ಕಲ್ಯಾಣಮ್ಮನ ಕಣ್ಣು ಗಳಿಗೆ ಹೊತ್ತು ತಿಳಿಯಾದವು.

“ಸುಮೀ,” ಎಂದಳು. “ನಿನಗ ಏನರ ಅಂದ್ನೇನವ್ವ ನಾನು?”

“ಏನೂ ಅಂದಿಲ್ಲತ್ತಿ.”

“ಮತ್ಯಾಕ ಅಳಾಕತ್ತಿ?”

ಅವಳು ಕಣ್ಣೊರೆಸಿಕೊಳ್ಳುವಷ್ಟರಲ್ಲಿ ಆ ಕಣ್ಣು ಮತ್ತೆ ಮಂಜಾದವು. ಮಧ್ಯಾಹ್ನಕ್ಕೆ ಉಸಿರು ನಿಂತಿತು.

*

ಊರಾಚೆಯ ರುದ್ರಭೂಮಿಯಲ್ಲಿ ಕುಳಿ ತೋಡಿ ಆಗಿತ್ತು. ಕೂತ ಭಂಗಿಯಲ್ಲೇ ತಂದಿದ್ದ ಕಲ್ಯಾಣಮ್ಮನನ್ನು ಕುಳಿಯ ಪಕ್ಕ ಇಳಿಸಿದರು. ಅಯ್ಯನವರು ಮನೆಯವರನ್ನು ವಿಭೂತಿಗೆ ಕರೆದರು. ಸುಮಲತಾ ಹೆಂಗಸರ ಕೊನೆಯ ಸಾಲಿನಲ್ಲೇ ನಿಂತಳು.

ಗುರುಬಸವರಾಜ ತಾಯಿಯ ಹಣೆಗೆ ಹಚ್ಚಿದ. ಪಕ್ಕಕ್ಕೆ ಸರಿಯದೆ ಅಲ್ಲೇ ನಿಂತ.

“ದೊಡ್ಡವ್ವ, ನಾನೂ ಆ ಗಂಜಿ ಮೂಸಿ ನೋಡೀನಿ,” ಎಂದ. “ಇಕಿ ನನ್ನ ಹಿಂದ ನಿಂತಿದ್ಲು. ಅವ್ವನ ಕಾಲಿನ ನಂಜಿಗೆ ತಲಿ ಕೆಟ್ಟೈತಿ, ಇಕಿ ತಪ್ಪಿಲ್ಲ ಅಂತ ಡಾಕ್ಟ್ರು ಬಿಡಿಸಿ ಹೇಳಿದ್ರು. ಕೇಳಿನೂ ಮುಂಜಾನಿ ನಾ ಸುಮ್ಮನ ನಿಂತೆ. ಪಾಪಿ ಅಂತ ಇದ್ರ ಇಲ್ಲಿ ನಾನದೀನಿ.”

ಅನ್ನದಾನಮ್ಮ ಸೆರಗು ಬಾಯಿಗೆ ತುರುಕಿಕೊಂಡಳು. ಆಮೇಲೆ ಜನರನ್ನು ಸರಿಸುತ್ತ ಸುಮಲತಾಳ ಹತ್ತಿರ ಬಂದಳು.

“ನಾ ಸಿಟ್ಟಿಗೆದ್ದು ಹೋಗಿಬಿಟ್ಟೆ,” ಎಂದಳು. “ಕೊನೀಗೆ ನನ್ನ ಕೇಳಿದ್ಲೇನವ್ವ? ಅಕ್ಕ ಎಲ್ಲಿ ಅಂತ ಒಂದ್ಸಲರ ಅಂದ್ಲಾ?”

ಕೇಳಿರಲಿಲ್ಲ. ಸುಮಲತಾ ಆ ಮುದುಕಿಯ ಮುಖ ನೋಡಿದಳು. ಗಲ್ಲದ ಮೂಳೆ, ಹುಬ್ಬು, ಎಲ್ಲವೂ ಅತ್ತೆಯವೇ.

“ಕೇಳಿದ್ರು ದೊಡ್ಡತ್ತಿ. ಅಕ್ಕ ಉಂಡ್ಲೇನು, ಉಣ್ಣಾಕ ಕೊಟ್ರೇನು ಅಂತ ಕೇಳಿದ್ರು.”

ಅನ್ನದಾನಮ್ಮ ಅವಳ ಭುಜಕ್ಕೆ ಮುಖವಿಟ್ಟು ಗೋಳೋ ಎಂದು ಅತ್ತಳು. ಅತ್ತು ಮುಗಿಯದೆಯೇ ಅವಳನ್ನು ಮುಂದಕ್ಕೆ ನೂಕಿದಳು. “ಹಚ್ಚವ್ವ. ನಿಮ್ಮತ್ತಿಗೆ ನೀ ಹಚ್ಚು.”

ಸುಮಲತಾ ಹಚ್ಚಿದಳು. ಹಣೆ ತಣ್ಣಗಿತ್ತು.

ಕಲ್ಯಾಣಮ್ಮನನ್ನು ಕುಳಿಗಿಳಿಸುವ ಹೊತ್ತಿಗೆ ಹೆಡ್‌ಮಾಸ್ತರರು ಶಾಲೆಯ ಮಕ್ಕಳನ್ನು ಕರೆತಂದರು. ಸಾಲು ನಿಲ್ಲಿ ಎಂದು ಮಕ್ಕಳಿಗೆ ಯಾರೂ ಹೇಳಿರಲಿಲ್ಲ; ಊಟದ ಗಂಟೆಯಾದಂತೆ ಗಿಡ್ಡರು ಮುಂದೆ, ಉದ್ದದವರು ಹಿಂದೆ ತಾವೇ ಸಾಲಾದರು. ಕೈ ತೊಳೆಯದೆ ಕಲ್ಯಾಣಮ್ಮನ ಮುಂದೆ ನಿಂತು ಯಾರಿಗೂ ರೂಢಿಯಿಲ್ಲ. ದಾರಿಯ ನಲ್ಲಿಯಲ್ಲಿ ತೊಳೆದುಕೊಂಡೇ ಬಂದಿದ್ದರು. ಒಬ್ಬೊಬ್ಬರಾಗಿ ಹಿಡಿ ಮಣ್ಣೆತ್ತಿ ಕುಳಿಯ ಮೇಲೆ ಕೈ ಚಾಚಿದರು. ಒದ್ದೆ ಅಂಗೈಗೆ ಮೆತ್ತಿದ ಮಣ್ಣು ಎಷ್ಟು ಕೊಡವಿದರೂ ಕೆಳಗೆ ಬೀಳಲಿಲ್ಲ.